ಭೂಮಿಪೂಜೆಯಾದ ರಸ್ತೆಗೆ ಜಲ್ಲಿ ಬೀಳುವುದು ಯಾವಾಗ?

ಈ ವಾರ ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಂದ ಬಂದ ಮೂರು ಪ್ರಶ್ನೆಗಳಿಗೆ ಲೋಕೋಪಯೋಗಿ ಕಾಮಗಾರಿಗಳಲ್ಲಿ ದುಡಿದು ನಿವೃತ್ತರಾದ ಕಾರ್ಯಪಾಲಕ ಇಂಜಿನಿಯರ್ ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಗೆ ಎರಡು ವರ್ಷದ ಹಿಂದೆ ಭೂಮಿಪೂಜೆ ಆಯಿತು. ಬಜೆಟ್ ಪುಸ್ತಕದಲ್ಲಿ ರಸ್ತೆಯ ಹೆಸರಿದೆ ಎಂದೂ ಹೇಳಿದರು. ಇದುವರೆಗೆ ಒಂದು ಬುಟ್ಟಿ ಜಲ್ಲಿಯೂ ಬಿದ್ದಿಲ್ಲ. ಕಚೇರಿಗೆ ಹೋದರೆ ‘ಪ್ರಕ್ರಿಯೆಯಲ್ಲಿದೆ’ ಎನ್ನುತ್ತಾರೆ. ಏನದು ಪ್ರಕ್ರಿಯೆ? ನಾವು ಯಾರನ್ನು, ಏನೆಂದು ಕೇಳಬೇಕು?
— ಸಿಂಧನೂರು ತಾಲ್ಲೂಕಿನ ಒಬ್ಬ ರೈತ

ಉತ್ತರ: ರಸ್ತೆ ಯಾರದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಹಳ್ಳಿಯ ರಸ್ತೆಗಳನ್ನು ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತದೆ. ನಿಮ್ಮ ಪಟ್ಟಣದ ಮೂಲಕ ಜೇವರ್ಗಿಯಿಂದ ಬಳ್ಳಾರಿಯ ಕಡೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಗೆ ಹಣ ಕೇಂದ್ರದಿಂದ ಬರುತ್ತದೆ. ಇವುಗಳ ಜೊತೆಗೆ, ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ತನ್ನ ವಾರ್ಷಿಕ ಕ್ರಿಯಾಯೋಜನೆಯಲ್ಲಿ ರಸ್ತೆಗಳನ್ನು ಸೇರಿಸಿ, ಅನುಷ್ಠಾನವನ್ನು ಇವೇ ಇಲಾಖೆಗಳಿಗೆ ವಹಿಸುತ್ತದೆ. ಒಂದೇ ರಸ್ತೆಯ ಮೊದಲ ಮೂರು ಕಿಲೋಮೀಟರ್ ಒಂದು ಅನುದಾನದಲ್ಲಿ, ಉಳಿದ ನಾಲ್ಕು ಕಿಲೋಮೀಟರ್ ಇನ್ನೊಂದು ಅನುದಾನದಲ್ಲಿ ಇರುವುದು ನಮ್ಮ ಭಾಗದಲ್ಲಿ ಅಪರೂಪವೇನಲ್ಲ. ಹಾಗಿದ್ದಾಗ ಎರಡು ಕಚೇರಿಗಳೂ ನಿಮ್ಮನ್ನು ಇನ್ನೊಂದು ಕಚೇರಿಗೆ ಕಳುಹಿಸುತ್ತಿರುತ್ತವೆ.

ಬಜೆಟ್ ಪುಸ್ತಕದಲ್ಲಿ ಹೆಸರಿದೆ ಎಂದರೆ ಬಹುಶಃ ‘ಅಪೆಂಡಿಕ್ಸ್-ಇ’ಯಲ್ಲಿದೆ ಎಂದರ್ಥ. ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳನ್ನು ಲೆಕ್ಕ ಶೀರ್ಷಿಕೆವಾರು ಪಟ್ಟಿ ಮಾಡುವ ಅನುಬಂಧ ಅದು. ಹೊಸ ರಸ್ತೆ, ಸೇತುವೆ ಮತ್ತು ಅಗಲೀಕರಣದ ಬಂಡವಾಳ ವೆಚ್ಚ 5054 ಶೀರ್ಷಿಕೆಯಲ್ಲಿಯೂ ನಿರ್ವಹಣೆಯ ವೆಚ್ಚ 3054 ಶೀರ್ಷಿಕೆಯಲ್ಲಿಯೂ ಬರುತ್ತವೆ. ಪಟ್ಟಿಯಲ್ಲಿ ಹೆಸರು ಬರುವುದು ಊಟದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡಂತೆ. ಅನ್ನ ಬಡಿಸುವವರು ನಿಮ್ಮ ಎಲೆಯವರೆಗೆ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಲೂಬಹುದು. ಒಟ್ಟು ಅಂದಾಜು ಮೊತ್ತದ ಎದುರು ಆ ವರ್ಷಕ್ಕೆಂದು ತೋರಿಸಿದ ಅನುದಾನ ಎಷ್ಟು ಎಂಬ ಕಾಲಂ ನೋಡಿದರೆ ಪರಿಸ್ಥಿತಿ ಅರ್ಥವಾಗುತ್ತದೆ.

ಪಟ್ಟಿಗೆ ಬಂದ ಕಾಮಗಾರಿಗೆ ಸರ್ಕಾರದ ಅಥವಾ ಮಂಡಳಿಯ ಆಡಳಿತಾತ್ಮಕ ಅನುಮೋದನೆ ಬೇಕು. ಸ್ಥಳ ಸಮೀಕ್ಷೆ ನಡೆಸಿ ಸಿದ್ಧಪಡಿಸಿದ ವಿವರವಾದ ಅಂದಾಜು ಪಟ್ಟಿಗೆ, ಮೊತ್ತಕ್ಕೆ ತಕ್ಕ ಅಧಿಕಾರವುಳ್ಳ ಇಂಜಿನಿಯರ್ ತಾಂತ್ರಿಕ ಮಂಜೂರಾತಿ ಕೊಡಬೇಕು. ಅನಂತರ ಟೆಂಡರ್, ಕರಾರು, ಕೊನೆಗೆ ಕಾರ್ಯಾದೇಶ. ಭೂಮಿಪೂಜೆ ಈ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಕಾರ್ಯಾದೇಶ ಕೊಟ್ಟ ಮೇಲೆ ನಡೆದ ಪೂಜೆಗಳನ್ನೂ ನೋಡಿದ್ದೇನೆ, ಸಮೀಕ್ಷೆಯ ಗೂಟ ನೆಡುವ ಮೊದಲೇ ನಡೆದ ಪೂಜೆಗಳನ್ನೂ ನೋಡಿದ್ದೇನೆ. ಆದ್ದರಿಂದ ‘ಕೆಲಸ ಯಾವಾಗ ಶುರು’ ಎಂದು ಕೇಳುವ ಬದಲು ‘ತಾಂತ್ರಿಕ ಮಂಜೂರಾತಿಯ ಸಂಖ್ಯೆ ಮತ್ತು ದಿನಾಂಕ ಯಾವುದು’ ಎಂದು ಕೇಳಿ. ಸಂಖ್ಯೆ ಇಲ್ಲವೆಂದಾದರೆ ನಿಮ್ಮ ರಸ್ತೆ ಇನ್ನೂ ಮೇಜಿನ ಮೇಲೆಯೇ ಇದೆ.

ಟೆಂಡರ್ ಮುಗಿದ ಮೇಲೂ ನಿಲ್ಲುವ ಕಾಮಗಾರಿಗಳಿವೆ. ಅಗಲೀಕರಣಕ್ಕೆ ಜಮೀನು ಬಿಟ್ಟುಕೊಡದಿರುವುದು, ಜೆಸ್ಕಾಂ ಕಂಬಗಳ ಸ್ಥಳಾಂತರ, ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಎಲ್ಲ ಕಡೆಯೂ ಇರುವ ಕಾರಣಗಳು. ನಿಮ್ಮ ತಾಲ್ಲೂಕಿನಲ್ಲಿ ಇನ್ನೊಂದಿದೆ: ತುಂಗಭದ್ರಾ ಎಡದಂಡೆಯ ವಿತರಣಾ ಕಾಲುವೆ ಅಡ್ಡ ಬರುವಲ್ಲಿ ಸೇತುವೆ ಅಥವಾ ಮೋರಿ ಕಟ್ಟಲು ಕಾಲುವೆಯ ನೀರು ಬಂದ್ ಆಗುವವರೆಗೆ ಕಾಯಬೇಕು. ಕಾರ್ಯಾದೇಶದ ತಿಂಗಳನ್ನು ಈ ಲೆಕ್ಕ ನೋಡಿ ಗೊತ್ತುಪಡಿಸದಿದ್ದರೆ ಒಂದು ಇಡೀ ಹಂಗಾಮು ಕಳೆದುಹೋಗುತ್ತದೆ.

ಆದರೆ ನೀವು ಕೇಳದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಜನ ಟೆಂಡರ್ ಯಾರಿಗೆ ಆಯಿತು ಎಂಬುದನ್ನು ಕುತೂಹಲದಿಂದ ವಿಚಾರಿಸುತ್ತಾರೆ, ಅಂದಾಜು ಪಟ್ಟಿಯನ್ನು ಯಾರೂ ಕೇಳುವುದಿಲ್ಲ. ರಸ್ತೆ ಹತ್ತು ವರ್ಷ ಬಾಳುತ್ತದೆಯೋ ಎರಡು ಮಳೆಗಾಲಕ್ಕೆ ಬಾಯಿ ಬಿಡುತ್ತದೆಯೋ ಎಂಬುದು ಬಹುಪಾಲು ಅಲ್ಲಿಯೇ ತೀರ್ಮಾನವಾಗಿರುತ್ತದೆ. ನಿಮ್ಮದು ಎರೆ ಭೂಮಿ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಂತಹ ಮಣ್ಣಿನ ತಾಳಿಕೆಯನ್ನು ಅಳೆಯಲು ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು ಸಿಬಿಆರ್ ಎಂಬ ಪರೀಕ್ಷೆ ಮಾಡುತ್ತಾರೆ. ಗಟ್ಟಿ ಮೊರಂ ನೆಲಕ್ಕೆ ಹೋಲಿಸಿದರೆ ಎರೆ ಮಣ್ಣಿನಲ್ಲಿ ಬರುವ ಅಂಕಿ ತೀರಾ ಚಿಕ್ಕದು. ಅಂಕಿ ಚಿಕ್ಕದಾದಷ್ಟೂ ಮೇಲಿನ ಪದರಗಳು ದಪ್ಪವಾಗಬೇಕು, ಖರ್ಚು ಏರಬೇಕು. ಇರುವ ಅನುದಾನದಲ್ಲಿ ಹೆಚ್ಚು ಕಿಲೋಮೀಟರ್ ತೋರಿಸಬೇಕೆಂಬ ಒತ್ತಡವಿರುವಾಗ, ಪಕ್ಕದ ಊರಿನ ಹಳೆಯ ಪರೀಕ್ಷಾ ವರದಿಯೇ ನಿಮ್ಮ ರಸ್ತೆಯ ಕಡತಕ್ಕೂ ಬಂದು ಸೇರಿಕೊಳ್ಳುವ ಅಪಾಯವಿದೆ.

ವಾಹನ ಗಣತಿಯ ಕತೆಯೂ ಹಾಗೆಯೇ. ಗದ್ದೆಗಳು ಖಾಲಿಯಿರುವ ತಿಂಗಳಿನಲ್ಲಿ ಲಾರಿಗಳನ್ನು ಎಣಿಸಿದರೆ ಭತ್ತದ ಕಟಾವಿನ ಕಾಲದಲ್ಲಿ ಓಡುವ ಭಾರದ ಅಂದಾಜೇ ಸಿಗುವುದಿಲ್ಲ. ಕಡಿಮೆ ಸಂಚಾರದ ಗ್ರಾಮೀಣ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಟಿಸಿರುವ ಎಸ್‌ಪಿ-72 ಮಾರ್ಗಸೂಚಿಯು ಸುಗ್ಗಿಯ ಹೆಚ್ಚುವರಿ ಸಂಚಾರವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳುತ್ತದೆ. ನಾನು ಕಿರಿಯ ಅಧಿಕಾರಿಯಾಗಿದ್ದ ಕಾಲದಲ್ಲಿ ಇಂತಹದೇ ನೀರಾವರಿ ಪ್ರದೇಶದ ಒಂದು ರಸ್ತೆಗೆ ಬೇಸಿಗೆಯ ನಡುವೆ ಗಣತಿ ಮಾಡಿಸಿ, ಅದನ್ನೇ ನಂಬಿ ಅಂದಾಜು ಬರೆದೆ. ಮೊದಲ ಸುಗ್ಗಿಯಲ್ಲೇ ಅಂಚುಗಳು ಕುಸಿದವು. ಬೈಗುಳ ಗುತ್ತಿಗೆದಾರನ ಪಾಲಿಗೆ ಹೋಯಿತು. ತಪ್ಪು ನನ್ನ ಹಾಳೆಯಲ್ಲಿತ್ತು.

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅಂದಾಜು ಪಟ್ಟಿ, ಮಣ್ಣು ಪರೀಕ್ಷೆಯ ವರದಿ, ವಾಹನ ಗಣತಿಯ ದಿನಾಂಕ ಮತ್ತು ‘ಲೀಡ್’ ತಃಖ್ತೆ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಲೀಡ್ ಎಂದರೆ ಮೊರಂ, ಜಲ್ಲಿ, ಮರಳನ್ನು ಎಷ್ಟು ದೂರದಿಂದ ತರಲಾಗುತ್ತದೆ ಎಂಬ ಲೆಕ್ಕ. ಎರೆ ಸೀಮೆಯಲ್ಲಿ ಒಳ್ಳೆಯ ಮೊರಂ ಹತ್ತಿರದಲ್ಲಿ ಸಿಗುವುದಿಲ್ಲ ಎಂಬುದು ನಿಮಗೇ ಗೊತ್ತು. ದೂರದ ಕ್ವಾರಿಯ ಸಾಗಣೆಗೆ ಹಣ ಇಟ್ಟು, ಪಕ್ಕದ ಹೊಲದ ಮಣ್ಣನ್ನೇ ತುಂಬಿಸಿದ್ದರೆ ಆ ಹಾಳೆಯೊಂದೇ ಸಾಕ್ಷಿ.

ಪ್ರಶ್ನೆ: ನಮ್ಮ ಹೋಬಳಿಯ ರಸ್ತೆಯನ್ನು ಅಂದಾಜಿಗಿಂತ ಶೇ 22ರಷ್ಟು ಕಡಿಮೆ ದರಕ್ಕೆ ಒಬ್ಬರು ಪಡೆದಿದ್ದಾರೆ. ಕಡಿಮೆ ಹೇಳಿದವರಿಗೇ ಕೊಡಬೇಕೆಂಬ ಕಾನೂನು ಇದೆಯೇ? ಇಷ್ಟು ಕಡಿಮೆಗೆ ಒಳ್ಳೆಯ ಕೆಲಸ ಸಾಧ್ಯವೇ?
— ಕುಷ್ಟಗಿಯ ಒಬ್ಬ ಶಿಕ್ಷಕಿ

ಉತ್ತರ: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹೇಳುವುದು ಮೌಲ್ಯಮಾಪನದ ನಂತರ ಕನಿಷ್ಠವೆಂದು ಕಂಡುಬಂದ ಟೆಂಡರನ್ನು ಅಂಗೀಕರಿಸಬೇಕೆಂದು. ‘ಮೌಲ್ಯಮಾಪನದ ನಂತರ’ ಎಂಬ ಮಾತನ್ನು ಜನ ಮರೆಯುತ್ತಾರೆ. ದೊಡ್ಡ ಕಾಮಗಾರಿಗಳಲ್ಲಿ ಎರಡು ಲಕೋಟೆಯ ಪದ್ಧತಿ ಇದೆ. ಈಗ ಲಕೋಟೆ ಆನ್‌ಲೈನ್ ಪೋರ್ಟಲಿನಲ್ಲಿದ್ದರೂ ಹೆಸರು ಹಾಗೆಯೇ ಉಳಿದಿದೆ. ಮೊದಲ ಲಕೋಟೆಯಲ್ಲಿ ವಹಿವಾಟು, ಇದೇ ತೆರನಾದ ಕೆಲಸದ ಅನುಭವ ಮತ್ತು ಯಂತ್ರಗಳ ವಿವರ ಇರುತ್ತವೆ. ಅದರಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ.

ಅರ್ಹತೆಯಲ್ಲಿ ನನಗೆ ಮುಖ್ಯವೆನಿಸುವುದು ಟೆಂಡರ್ ಸಾಮರ್ಥ್ಯದ ಸೂತ್ರ. ಕಳೆದ ಐದು ವರ್ಷಗಳ ಪೈಕಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತವನ್ನು ಈಗಿನ ಬೆಲೆಗೆ ತಂದು, ಅದನ್ನು ಹೊಸ ಕಾಮಗಾರಿಯ ಅವಧಿಯ ವರ್ಷಗಳಿಂದಲೂ ಒಂದೂವರೆಯಿಂದಲೂ ಗುಣಿಸಿ, ಅದೇ ಅವಧಿಯಲ್ಲಿ ಮುಗಿಸಬೇಕಾದ ಕೈಯಲ್ಲಿರುವ ಕೆಲಸಗಳ ಮೊತ್ತವನ್ನು ಕಳೆಯಬೇಕು. ಉದಾಹರಣೆಗೆ, ಒಬ್ಬರ ಗರಿಷ್ಠ ವರ್ಷದ ಕೆಲಸ 2 ಕೋಟಿ, ಹೊಸ ಕಾಮಗಾರಿಯ ಅವಧಿ ಒಂದು ವರ್ಷ, ಕೈಯಲ್ಲಿರುವ ಕೆಲಸ ಒಂದೂವರೆ ಕೋಟಿ ಎಂದಾದರೆ ಸಾಮರ್ಥ್ಯ ಉಳಿಯುವುದು ಒಂದೂವರೆ ಕೋಟಿ. ಅದಕ್ಕಿಂತ ದೊಡ್ಡ ಕಾಮಗಾರಿಗೆ ಅವರು ಅರ್ಹರಲ್ಲ. ಕೈಯಲ್ಲಿರುವ ಕೆಲಸಗಳನ್ನು ಮುಚ್ಚಿಟ್ಟರೆ ಈ ಸೂತ್ರವೇ ಸುಳ್ಳಾಗುತ್ತದೆ. ಪರಿಶೀಲನೆ ಬಿಗಿಯಾಗಬೇಕಾದದ್ದು ಅಲ್ಲಿ.

ಇನ್ನು ಶೇ 22ರ ಮಾತು. ಸ್ವಂತ ಕ್ರಷರ್ ಹತ್ತಿರದಲ್ಲಿದ್ದು, ಯಂತ್ರಗಳು ಸುಮ್ಮನೆ ನಿಂತಿದ್ದರೆ ಗುತ್ತಿಗೆದಾರರು ದರಪಟ್ಟಿಗಿಂತ ಸ್ವಲ್ಪ ಕಡಿಮೆಗೆ ಒಪ್ಪಿ ಲಾಭವನ್ನೂ ಮಾಡಬಹುದು. ಆದರೆ ಡಾಂಬರು ಮತ್ತು ಡೀಸೆಲ್ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತವೆ; ರಿಯಾಯಿತಿಯನ್ನು ಅಲ್ಲಿಂದ ತೆಗೆಯಲಾಗದಿದ್ದರೆ ಪದರದ ದಪ್ಪದಿಂದ ತೆಗೆಯುವ ಆಸೆ ಹುಟ್ಟುತ್ತದೆ. ಐಟಂವಾರು ದರದ ಟೆಂಡರಿನಲ್ಲಿ ಇನ್ನೊಂದು ಜಾಣತನವೂ ಇದೆ: ಮೊದಲು ನಡೆಯುವ ಮಣ್ಣು ಕೆಲಸಕ್ಕೆ ಹೆಚ್ಚು ದರ, ಕೊನೆಯ ಡಾಂಬರಿಗೆ ತೀರಾ ಕಡಿಮೆ ದರ ಬರೆದು, ಮೊದಲ ಬಿಲ್ಲುಗಳಲ್ಲಿಯೇ ಹಣ ಎತ್ತಿಕೊಂಡು ಕೊನೆಯ ಪದರದ ಹೊತ್ತಿಗೆ ಕೈಬಿಡುವುದು. ಹೀಗೆ ಅಸಮತೋಲ ಕಂಡಾಗ ದರ ವಿಶ್ಲೇಷಣೆ ಕೇಳಿ, ಹೆಚ್ಚುವರಿ ಭದ್ರತಾ ಠೇವಣಿ ಪಡೆಯಲು ಟೆಂಡರ್ ದಾಖಲೆಯಲ್ಲೇ ಅವಕಾಶವಿದೆ. ನಿಮ್ಮ ರಸ್ತೆಯ ವಿಷಯದಲ್ಲಿ ಆ ಠೇವಣಿ ಪಡೆದಿದ್ದಾರೆಯೇ ಎಂದು ವಿಚಾರಿಸಿ. ಕಡಿಮೆ ದರವೆಂಬ ಒಂದೇ ಕಾರಣಕ್ಕೆ ಗುತ್ತಿಗೆದಾರರನ್ನು ಅನುಮಾನಿಸುವುದನ್ನು ನಾನು ಒಪ್ಪುವುದಿಲ್ಲ, ಆದರೆ ಠೇವಣಿ ಪಡೆಯದ ಕಚೇರಿಯನ್ನು ಖಂಡಿತ ಪ್ರಶ್ನಿಸಬೇಕು.

ಕೆಲಸ ನಡೆಯುವಾಗ ಬಿಲ್ಲಿಗೆ ಆಧಾರವಾಗುವುದು ಅಳತೆ ಪುಸ್ತಕ, ಅಂದರೆ ನಮ್ಮವರ ಬಾಯಲ್ಲಿ ‘ಎಂ.ಬಿ.’. ಮಾಹಿತಿ ಹಕ್ಕು ಅಧಿನಿಯಮವು ದಾಖಲೆಗಳನ್ನಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಕೊಡುತ್ತದೆ; ಇದನ್ನು ಬಳಸುವವರು ಬಹಳ ಕಡಿಮೆ. ರಸ್ತೆ ಮುಗಿದ ಮೇಲೆ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂದು ಕರಾರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರರ ಹೊಣೆ. ಆ ಅವಧಿಯೊಳಗೆ ಬಿದ್ದ ಗುಂಡಿಗೆ ಬೇರೆ ಅನುದಾನದಿಂದ ತೇಪೆ ಹಾಕಿಸಿದರೆ ಸರ್ಕಾರ ಎರಡು ಸಲ ಹಣ ಕೊಟ್ಟಂತಾಗುತ್ತದೆ.

ಪ್ರಶ್ನೆ: ಅದಿರಿನ ಲಾರಿಗಳು ನಮ್ಮ ರಸ್ತೆಯನ್ನು ಪುಡಿ ಮಾಡಿವೆ. ಗಣಿ ಹಣದಿಂದಲೇ ರಸ್ತೆ ಮಾಡಿಸಲು ಬರುವುದಿಲ್ಲವೇ? ಅದಕ್ಕೂ ಟೆಂಡರ್ ಬೇಕೇ?
— ಸಂಡೂರು ತಾಲ್ಲೂಕಿನ ಯುವಕ ಸಂಘದ ಸದಸ್ಯರು

ಉತ್ತರ: ಬರುತ್ತದೆ. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ಮಾಡಿದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಹಳೆಯ ಗುತ್ತಿಗೆಯ ಗಣಿಗಳು ರಾಜಧನದ ಶೇ 30ಕ್ಕೆ, ಹರಾಜಿನಲ್ಲಿ ಪಡೆದ ಗಣಿಗಳು ಶೇ 10ಕ್ಕೆ ಸಮನಾದ ಮೊತ್ತವನ್ನು ಅದಕ್ಕೆ ಕಟ್ಟಬೇಕು. ಆದರೆ ಆ ಹಣವನ್ನೆಲ್ಲ ರಸ್ತೆಗೆ ಸುರಿಯುವಂತಿಲ್ಲ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮುಂತಾದವು ಹೆಚ್ಚಿನ ಆದ್ಯತೆಯವು. 2015ರ ಮಾರ್ಗಸೂಚಿ ಅವುಗಳಿಗೆ ಕನಿಷ್ಠ ಶೇ 60ರಷ್ಟು ಮೀಸಲಿಟ್ಟು, ರಸ್ತೆ, ಸೇತುವೆಗಳನ್ನು ಉಳಿದ ಪಾಲಿನಲ್ಲಿ ಇರಿಸಿತು. ಅದು ನ್ಯಾಯವೆಂದೇ ನನ್ನ ಭಾವನೆ. ದೂಳು ಕುಡಿದ ಊರಿಗೆ ಮೊದಲು ಆಸ್ಪತ್ರೆ ಬೇಕು.

ಟೆಂಡರ್ ಬೇಕೇ ಎಂದರೆ, ಹಣ ಯಾವ ಚೀಲದಿಂದ ಬಂದರೂ ಸರ್ಕಾರಿ ಇಲಾಖೆ ಮಾಡಿಸುವ ಕಾಮಗಾರಿಗೆ 1999ರ ಅಧಿನಿಯಮವೇ ಅನ್ವಯ. ವಿನಾಯಿತಿಗಳು ಅದರ 4ನೇ ಪ್ರಕರಣದಲ್ಲಿವೆ. ‘ತುರ್ತು’ ಎಂಬ ಹೆಸರಿನಲ್ಲಿ 4(ಜಿ) ವಿನಾಯಿತಿ ಕೇಳುವ ಕಡತವನ್ನು ಕಂಡರೆ, ಆ ತುರ್ತು ಎಷ್ಟು ವರ್ಷಗಳಷ್ಟು ಹಳೆಯದು ಎಂದು ಕೇಳಿ. ನಿಮ್ಮ ಸಂಘದಲ್ಲಿ ಗುತ್ತಿಗೆದಾರರಾಗಲು ಬಯಸುವ ಪರಿಶಿಷ್ಟ ಜಾತಿ, ಪಂಗಡದ ಯುವಕರಿದ್ದರೆ, ನಿಗದಿತ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಶೇ 17.15 ಮತ್ತು ಶೇ 6.95ರಷ್ಟು ಮೀಸಲಾತಿ ಇರುವುದನ್ನೂ ಅವರಿಗೆ ತಿಳಿಸಿ; ಮೊದಲು 50 ಲಕ್ಷ ರೂಪಾಯಿಯಷ್ಟಿದ್ದ ಆ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಲಾಯಿತು. ನಿಮ್ಮ ಬೇಡಿಕೆಯನ್ನು ಪ್ರತಿಷ್ಠಾನಕ್ಕೆ ಬರೆಯುವಾಗ ಬರಿಯ ಫೋಟೊ ಕಳುಹಿಸಬೇಡಿ. ಗ್ರಾಮಸಭೆಯ ನಿರ್ಣಯದ ಜೊತೆಗೆ, ಒಂದು ವಾರ ಹಗಲು ರಾತ್ರಿ ನೀವೇ ಎಣಿಸಿದ ಅದಿರಿನ ಲಾರಿಗಳ ಲೆಕ್ಕವನ್ನು, ತುಂಬಿದ್ದು ಎಷ್ಟು, ಖಾಲಿ ಎಷ್ಟು, ಯಾವ ದಿಕ್ಕಿಗೆ ಎಂದು ವಿಂಗಡಿಸಿ ಲಗತ್ತಿಸಿ. ಅಂದಾಜು ಬರೆಯುವ ಇಂಜಿನಿಯರ್ ಮೊದಲು ಹುಡುಕುವ ಹಾಳೆ ಅದು.