ಬೆಲ್ಟ್ ಹಾಕದಿದ್ದರೆ ಕಾರೇ ಸ್ಟಾರ್ಟ್ ಆಗಬಾರದು, ಇಂಥ ಪ್ರಾಜೆಕ್ಟ್ ಮಾಡಬಹುದಾ?

ಪ್ರಶ್ನೆ: ನಾವು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಾಲ್ಕು ಜನ ಕೊನೇ ವರ್ಷದ ವಿದ್ಯಾರ್ಥಿಗಳು. ಸೀಟ್ ಬೆಲ್ಟ್ ಹಾಕುವ ತನಕ ಕಾರು ಸ್ಟಾರ್ಟ್ ಆಗದಂತೆ ಮಾಡುವ ಪ್ರಾಜೆಕ್ಟ್ ಯೋಚಿಸಿದ್ದೇವೆ. ಆರ್ಡುಯಿನೊ (ಪ್ರೋಗ್ರಾಮ್ ಬರೆದು ಓಡಿಸುವ ಪುಟ್ಟ ಬೋರ್ಡ್), ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಎಲ್ಲಾ ಇದೆ. ಪ್ರಯೋಗಕ್ಕೆ ಗೆಳೆಯನ ಮನೆಯ ಹಳೇ ಕಾರು ಸಿಗುತ್ತದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸ್ಟಾರ್ಟ್ ತಡೆಯುವ ಯೋಚನೆ ಬಿಟ್ಟುಬಿಡಿ. ವಿಷಯ ಮಾತ್ರ ಬಿಡಬೇಡಿ.

ಇದನ್ನು ಅಮೆರಿಕದಲ್ಲಿ 50 ವರ್ಷಗಳ ಹಿಂದೆಯೇ ಮಾಡಿ ನೋಡಿದ್ದಾರೆ. ಅಲ್ಲಿ 1974ರ ಮಾಡೆಲ್ ಕಾರುಗಳಲ್ಲಿ ಮುಂದೆ ಕೂತವರು ಬೆಲ್ಟ್ ಹಾಕದೆ ಇಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಪಕ್ಕದ ಸೀಟಿನ ಮೇಲೆ ದಿನಸಿ ಚೀಲ ಇಟ್ಟರೂ ಕಾರು ಹಟ ಹಿಡಿಯುತ್ತಿತ್ತು. ಜನ ರೇಗಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡುವಂತಿಲ್ಲ ಅಂತ ಅಲ್ಲಿನ ಸಂಸತ್ತು ಕಾನೂನೇ ತಂದಿತು. ಇನ್ನೊಂದು ಭಯ ನನಗೆ ಇದಕ್ಕಿಂತ ಜಾಸ್ತಿ. ಇಗ್ನಿಷನ್ ವೈರ್ ಕತ್ತರಿಸಿ ನಡುವೆ ಒಂದು ಅಗ್ಗದ ರಿಲೇ ಹಾಕಿದಿರಿ ಅಂದುಕೊಳ್ಳಿ, ಮದ್ದೂರು ಹತ್ತಿರ ಹೆದ್ದಾರಿಯಲ್ಲಿ 100ರ ವೇಗದಲ್ಲಿ ಹೋಗುವಾಗ ಅದು ಕೈಕೊಟ್ಟು ಇಂಜಿನ್ ನಿಂತುಹೋದರೆ ಹಿಂದೆ ಬರುವ ಲಾರಿ ಏನು ಮಾಡಬೇಕು? ಜೀವ ಉಳಿಸಲು ಮಾಡಿದ ವಸ್ತುವೇ ಜೀವ ತೆಗೆಯಬಾರದು.

ಹಾಗಾದರೆ ಏನು ಮಾಡುವುದು? ಹಿಂದಿನ ಸೀಟಿಗೆ ಬನ್ನಿ. ನಮ್ಮಲ್ಲಿ ಕೆಲಸ ಬಾಕಿ ಇರುವುದು ಅಲ್ಲೇ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು ಕಡ್ಡಾಯ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳೂ ಇವೆ, ಹಾಗಾಗಿ ಡ್ರೈವರ್ ಹೇಗೋ ಹಾಕಿಕೊಳ್ಳುತ್ತಾರೆ. ಹಿಂದೆ ಕೂತ ಅಮ್ಮ, ಅಜ್ಜಿ, ಮಕ್ಕಳನ್ನು ಯಾರು ಕೇಳುತ್ತಾರೆ? ಹಿಂದೆ ಕೂತವರೂ ಹಾಕಬೇಕು ಅಂತ ನಿಯಮವಿದೆ, 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲಿ ಬೆಲ್ಟ್ ಹಾಕದಿದ್ದರೆ 1000 ರೂಪಾಯಿ ದಂಡವೂ ಇದೆ. ಆದರೂ ಕೇಂದ್ರ ಸಾರಿಗೆ ಸಚಿವಾಲಯದ ವರದಿ ನೋಡಿ: 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅವರಲ್ಲಿ 8,331 ಜನ ಪ್ರಯಾಣಿಕರು. ಅಂದರೆ ಹತ್ತಿರ ಹತ್ತಿರ ಅರ್ಧ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಕೂತಿದ್ದದ್ದೂ ಹಿಂದಿನ ಸೀಟಿನಲ್ಲೇ, ಬೆಲ್ಟ್ ಇಲ್ಲದೆ.

ಸರ್ಕ್ಯೂಟ್ ಬರೆಯುವ ಮೊದಲು ಒಂದು ವಾರ ಸುಮ್ನೆ ನೋಡಿ. ನನ್ನದೇ ಕಥೆ ಹೇಳುತ್ತೇನೆ. ಕಾರು ತಗೊಂಡ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಸೀಟ್ ಕವರ್ ಹಾಕಿಸಿದೆ. ಅವರು ಹಿಂದಿನ ಮೂರೂ ಬಕಲ್‌ಗಳನ್ನು ಕವರ್ ಒಳಗೇ ಮುಚ್ಚಿ ಹೊಲಿದಿದ್ದರು. ಒಂದು ದಿನ ಮೇಲುಕೋಟೆಗೆ ಹೊರಟಾಗ ಅಮ್ಮನಿಗೆ ಬೆಲ್ಟ್ ಹಾಕಿಸೋಣ ಅಂತ ಕೈ ಹಾಕಿದರೆ ಬಕಲ್ಲೇ ಇಲ್ಲ. ಅಷ್ಟು ತಿಂಗಳು ಅಮ್ಮ ಹಾಗೇ ಕೂತು ಓಡಾಡಿದ್ದರು. ಈಗ ನೆನೆಸಿಕೊಂಡರೂ ಹೊಟ್ಟೆ ತೊಳಸಿದಂತಾಗುತ್ತದೆ. ಇಂಥ ಕಾರಿಗೆ ನೀವು ಎಷ್ಟು ಬುದ್ಧಿವಂತ ಸೆನ್ಸರ್ ಹಾಕಿದರೂ ಪ್ರಯೋಜನವಿಲ್ಲ, ಅಲ್ವಾ? ಅಲ್ಲಿ ಬೇಕಾಗಿದ್ದದ್ದು ಒಂದು ಕತ್ತರಿ, ನಾಲ್ಕು ಹೊಲಿಗೆ.

ಆದ್ದರಿಂದ ಕಾಲೇಜು ಗೇಟು, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪದ ಪಾರ್ಕಿಂಗ್, ಇಂಥ ಕಡೆ ಅನುಮತಿ ಕೇಳಿ ನಿಂತು ಎಣಿಸಿ. ಹೆದ್ದಾರಿ ಬದಿಯಲ್ಲಿ ಮಾತ್ರ ನಿಲ್ಲಬೇಡಿ. ಕಾರಿನ ನಂಬರ್ ಬರೆದುಕೊಳ್ಳಬೇಡಿ, ಫೋಟೊ ಬೇಡ. ಹಿಂದೆ ಎಷ್ಟು ಜನ ಇದ್ದರು, ಎಷ್ಟು ಜನ ಹಾಕಿದ್ದರು, ಅಷ್ಟೇ ಸಾಕು. ಒಪ್ಪಿದವರನ್ನು ಕಾರಣ ಕೇಳಿ. ಬಕಲ್ ಸಿಗಲ್ಲ, ರೇಷ್ಮೆ ಸೀರೆ ಸುಕ್ಕಾಗುತ್ತೆ, ಕುತ್ತಿಗೆಗೆ ಒತ್ತುತ್ತೆ, ಇಲ್ಲೇ ಶ್ರೀರಂಗಪಟ್ಟಣಕ್ಕೆ ತಾನೇ, ಮಗು ತೊಡೆ ಮೇಲಿದೆ: ಒಂದೊಂದು ಕಾರಣಕ್ಕೂ ಒಂದೊಂದು ಪರಿಹಾರ. ನಿಮ್ಮ ಪ್ರಾಜೆಕ್ಟ್ ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಬಿಡಿಸಲಿ.

ಇನ್ನು ಕೆಲಸದ ಮಾತು. ಸೀಟಿನ ಮೇಲೆ ಯಾರಾದರೂ ಕೂತಿದ್ದಾರಾ ಎಂದು ತಿಳಿಯಲು ಕುಶನ್ ಮೇಲೆ ಹಾಸುವ ತೆಳು ಒತ್ತಡ ಸೆನ್ಸರ್ ಸಾಕು. ಬಕಲ್ ಸೇರಿದೆಯಾ ಎಂದು ತಿಳಿಯಲು ಬಕಲ್ ಒಳಗೆ ಹೋಗುವ ಬೆಲ್ಟಿನ ಲೋಹದ ನಾಲಿಗೆಗೆ ಪುಟ್ಟ ಮ್ಯಾಗ್ನೆಟ್ ಅಂಟಿಸಿ, ಬಕಲ್ ಹೊರಗೆ ಸಿಕ್ಕಿಸುವ ಕವಚದಲ್ಲಿ ಮ್ಯಾಗ್ನೆಟ್ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇಡಿ. ಬಕಲ್ ಒಳಗೆ ಉಕ್ಕು ಇರುವುದರಿಂದ ಮ್ಯಾಗ್ನೆಟ್ ಎಲ್ಲಿ ಕೂರಬೇಕು ಅನ್ನುವುದಕ್ಕೆ ಹತ್ತು ಸಲ ಸರಿಸಿ ನೋಡಬೇಕಾಗುತ್ತದೆ. ಮೆಕ್ಯಾನಿಕ್‌ಗಳು ಕಾರಿನ ದೋಷ ನೋಡಲು ಬಳಸುವ ಓಬಿಡಿ ಪೋರ್ಟ್‌ನಿಂದ ವೇಗ ಸಿಗುತ್ತದೆ. ಬೆಲ್ಟ್ ಮಾಹಿತಿ ಅಲ್ಲಿನ ಸಾಮಾನ್ಯ ಕೋಡ್‌ಗಳಲ್ಲಿ ಇಲ್ಲ, ಅದನ್ನು ಹುಡುಕುತ್ತಾ ವಾರ ಕಳೆಯಬೇಡಿ. ಕಾರು ಚಲಿಸಿದ ಮೇಲಷ್ಟೇ ನೆನಪಿಸಿದರೆ, ಪಾರ್ಕಿಂಗ್‌ನಲ್ಲಿ ಸುಮ್ನೆ ಕಿರಿಚಿ ಜನರ ಸಿಟ್ಟಿಗೆ ಕಾರಣವಾಗುವುದಿಲ್ಲ.

ಜನ ಇದನ್ನೂ ಮೋಸ ಮಾಡುತ್ತಾರೆ. ಬಕಲ್‌ಗೆ ಬರೀ ಕ್ಲಿಪ್ ಸಿಕ್ಕಿಸಿ ಸದ್ದು ನಿಲ್ಲಿಸುವುದು ನೋಡಿದ್ದೀರಲ್ಲ? ಆ ಕ್ಲಿಪ್ ಮಾರಬಾರದು ಎಂದು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 5 ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಡಬೇಕಾಯಿತು. ನಿಮ್ಮ ಪ್ರೋಗ್ರಾಮ್‌ನಲ್ಲಿ ಕ್ರಮ ನೋಡಿ. ಮೊದಲು ಮನುಷ್ಯ ಕೂರಬೇಕು, ಆಮೇಲೆ ಬಕಲ್ ಸೇರಬೇಕು. ಕೂರುವ ಮೊದಲೇ ಬಕಲ್ ಸೇರಿದ್ದರೆ ಅನುಮಾನ. ಇದೊಂದು ತರ್ಕ ಬರೆದರೂ ನಿಮ್ಮ ಪ್ರಾಜೆಕ್ಟ್‌ಗೆ ತೂಕ ಬರುತ್ತದೆ.

ಸದ್ದಿನ ಬಗ್ಗೆ ನನಗೆ ಒಂದು ಆಸೆ ಇದೆ. ಬೀಪ್ ಬದಲು ಆ ಮನೆಯ ಮಗುವಿನ ದನಿ ರೆಕಾರ್ಡ್ ಮಾಡಿ. “ಅಜ್ಜಿ, ಬೆಲ್ಟ್ ಹಾಕ್ಕೊ” ಅಂತ ಮೊಮ್ಮಗಳು ಹೇಳಿದರೆ ಅಜ್ಜಿ ಹಾಕಿಕೊಳ್ಳಲ್ವಾ? ಊಹೆಗೆ ಬಿಡಬೇಡಿ. ಕೆಲವು ಮನೆಯವರನ್ನು ಒಪ್ಪಿಸಿ ಮೊದಲ ವಾರ ಏನೂ ಇಲ್ಲದೆ ಬರೀ ಲೆಕ್ಕ, ಎರಡನೇ ವಾರ ಬೀಪ್, ಮೂರನೇ ವಾರ ಮಗುವಿನ ದನಿ ಇಟ್ಟು ಹೋಲಿಸಿ. ಇನ್ನೊಂದಷ್ಟು ಮನೆಗಳಲ್ಲಿ ಬೀಪ್ ಮತ್ತು ದನಿಯ ಸರದಿ ಬದಲಿಸಿ. ಪರೀಕ್ಷಕರು ನಿಮ್ಮ ಸರ್ಕ್ಯೂಟ್‌ಗಿಂತ ಆ ಪಟ್ಟಿಯನ್ನೇ ಜಾಸ್ತಿ ಹೊತ್ತು ನೋಡಬೇಕು.

ಒಂದು ಎಚ್ಚರಿಕೆ, ಇದನ್ನು ಎರಡು ಸಲ ಓದಿ. ಕಾರಿನಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗ್ ಮತ್ತು ಬೆಲ್ಟನ್ನು ಬಿಗಿಯಾಗಿ ಎಳೆಯುವ ಪ್ರಿಟೆನ್ಷನರ್‌ನದು, ಅವುಗಳ ಒಳಗೆ ಸಣ್ಣ ಸಿಡಿಮದ್ದು ಇರುತ್ತದೆ. ಬೆಲ್ಟ್ ಸುತ್ತಿಕೊಳ್ಳುವ ಡಬ್ಬಿ ಬಿಚ್ಚಬೇಡಿ, ಪಟ್ಟಿಗೆ ಸೂಜಿ ಚುಚ್ಚಬೇಡಿ. ಮೊದಲ ಪ್ರಯೋಗ ಗುಜರಿಯಿಂದ ತಂದ ಹಳೇ ಸೀಟು, ಪ್ರಿಟೆನ್ಷನರ್ ಇಲ್ಲದ ಬೆಲ್ಟಿನ ಮೇಲೆ, ಟೇಬಲ್ ಪಕ್ಕದಲ್ಲೇ ಆಗಲಿ. ಆ ಗುಜರಿ ಬೆಲ್ಟ್ ಮತ್ತೆ ಯಾವ ಕಾರಿಗೂ ಹೋಗಬಾರದು. ಕಾರಿನೊಳಗೆ ಲಿಥಿಯಂ ಬ್ಯಾಟರಿ ಬಿಟ್ಟು ಹೋಗಬೇಡಿ, ಏಪ್ರಿಲ್ ಬಿಸಿಲಲ್ಲಿ ಅಪಾಯ.

ಪ್ರಶ್ನೆ: ನಾನು ಮೈಸೂರಿನಲ್ಲಿ ಶಿಕ್ಷಕಿ. 8ನೇ ತರಗತಿ ಮಕ್ಕಳು ವಿಜ್ಞಾನ ಮೇಳಕ್ಕೆ ಇದೇ ವಿಷಯ ಆರಿಸಿಕೊಂಡಿದ್ದಾರೆ. ಎಲೆಕ್ಟ್ರಾನಿಕ್ಸ್ ಇಲ್ಲದೆ ಏನು ತೋರಿಸಬಹುದು?

ಉತ್ತರ: ಒಂದು ಹಲಗೆ, ಆಟದ ಗಾಡಿ, ಜೇಡಿಮಣ್ಣಿನ ಬೊಂಬೆ ಸಾಕು. ಹಲಗೆ ಓರೆ ಮಾಡಿ ಗಾಡಿ ಬಿಡಿ, ಕೆಳಗೆ ಇಟ್ಟಿಗೆ ಇಡಿ. ಬೊಂಬೆಗೆ ಮೊದಲು ಏನೂ ಕಟ್ಟಬೇಡಿ, ಆಮೇಲೆ ತೆಳು ದಾರ ಕಟ್ಟಿ, ಕೊನೆಗೆ ಅಗಲ ರಿಬ್ಬನ್. ದಾರ ಮಣ್ಣನ್ನು ಕೊಯ್ಯುತ್ತದೆ, ರಿಬ್ಬನ್ ಹಿಡಿದುಕೊಳ್ಳುತ್ತದೆ. ಬೆಲ್ಟ್ ಯಾಕೆ ಅಷ್ಟು ಅಗಲ ಅಂತ ಮಕ್ಕಳೇ ಹೇಳುತ್ತಾರೆ. ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ತಂದ, ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಕಥೆಯನ್ನೂ ಹೇಳಿ, ಆ ಪೇಟೆಂಟನ್ನು ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ದೊಡ್ಡ ತರಗತಿ ಮಕ್ಕಳಿದ್ದರೆ ಒಂದು ಲೆಕ್ಕ ಮಾಡಿಸಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಗುವುದು ಹತ್ತಿರ ಹತ್ತಿರ 10 ಮೀಟರ್ ಎತ್ತರದಿಂದ ಬಿದ್ದಷ್ಟು. ಶಾಲೆಯ ಮೂರನೇ ಮಹಡಿ ತೋರಿಸಿ, ಅಲ್ಲಿಂದ ಬೀಳುವ ಮಗುವನ್ನು ಅಮ್ಮ ಕೈಯಲ್ಲಿ ಹಿಡಿಯಬಲ್ಲಳಾ ಎಂದು ಕೇಳಿ. ಬೊಂಬೆಗೆ ರಿಬ್ಬನ್ ಕಟ್ಟುವಾಗ ಕೆಳಗಿನ ಸುತ್ತು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆ ಇರುವ ಜಾಗದಲ್ಲಿ ಬರಲಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಲ್ಟ್ ಹೊಟ್ಟೆಯ ಕೆಳಗೆ ಹೋಗಬೇಕು ಅನ್ನುವುದನ್ನೂ ಅದೇ ಬೊಂಬೆಯಲ್ಲಿ ತೋರಿಸಬಹುದು.