ಮಾರ್ಚ್ ಬಂದರೂ ಉತ್ತರ ಬಂದಿಲ್ಲ

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮುಗಿಸಿ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೇನೆ. ಡಿಸೆಂಬರ್‌ನಲ್ಲಿ ಅಮೆರಿಕದ ಎಂಟು ವಿಶ್ವವಿದ್ಯಾಲಯಗಳಿಗೆ ಪಿಎಚ್.ಡಿ.ಗೆ ಅರ್ಜಿ ಹಾಕಿದೆ. ಎರಡು ಕಡೆಯಿಂದ ಇಲ್ಲ ಅಂತ ಬಂತು. ಒಂದು ಕಡೆ ಜೂಮ್‌ನಲ್ಲಿ ಇಂಟರ್‌ವ್ಯೂ ಆಯ್ತು, ಆಮೇಲೆ ಸುದ್ದಿ ಇಲ್ಲ. ಉಳಿದವರು ಏನೂ ಹೇಳಿಲ್ಲ. ಒಂದು ಫೆಲೋಶಿಪ್‌ಗೂ ಹಾಕಿದ್ದೇನೆ, ಅದರದ್ದೂ ಇದೇ ಕಥೆ. ನಮ್ಮ ಲ್ಯಾಬಿನ ಗೆಳತಿಗೆ ಫೆಬ್ರುವರಿಯಲ್ಲೇ ಸೀಟು ಸಿಕ್ಕಿದೆ. ರಾತ್ರಿ ಎರಡು, ಮೂರು ಗಂಟೆಗೆಲ್ಲ ಎದ್ದು ಮೇಲ್ ನೋಡುತ್ತೇನೆ. ಅರ್ಜಿ ಶುಲ್ಕಕ್ಕೆ ಅಪ್ಪ ಎಫ್.ಡಿ. ಮುರಿಸಿದ್ದಾರೆ. ದಿನಾ ಫೋನ್ ಮಾಡಿ ‘ಏನಾದ್ರೂ ಬಂತಾ ಪುಟ್ಟಿ?’ ಅಂತ ಕೇಳುತ್ತಾರೆ. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ನನ್ನ ವಿದ್ಯಾರ್ಥಿನಿಯರ ವಯಸ್ಸು ನಿನ್ನದು, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ.

ಮೊದಲು ನಿನ್ನ ನಿದ್ದೆಯ ವಿಷಯ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆಫೀಸು ತೆರೆದಾಗ ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ. ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಐದಕ್ಕೆ ಬಾಗಿಲು ಹಾಕುವಾಗ ನಮಗೆ ಮರುದಿನ ಬೆಳಿಗ್ಗೆ ಆರೂವರೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಲ್ಲಿಂದ ಅದು ಐದೂವರೆ. ಅಂದರೆ ನೀನು ಬೆಳಿಗ್ಗೆ ಏಳಕ್ಕೆ ಒಂದು ಸಲ ನೋಡಿದರೆ, ಹಿಂದಿನ ದಿನ ಆ ದೇಶದಲ್ಲಿ ಬರೆದ ಇ-ಮೇಲ್‌ಗಳೆಲ್ಲ ಬಂದು ಕೂತಿರುತ್ತವೆ. ರಾತ್ರಿ ಮೂರಕ್ಕೆ ಬಂದದ್ದನ್ನು ಏಳಕ್ಕೆ ಓದಿದರೆ ಏನೂ ತಪ್ಪಿ ಹೋಗುವುದಿಲ್ಲ. ಉತ್ತರ ಕೊಡಲು ಅವರೇ ವಾರಗಟ್ಟಲೆ ಸಮಯ ಕೊಡುತ್ತಾರೆ. ಶನಿವಾರ ಬೆಳಿಗ್ಗೆ ನೋಡಿದ ಮೇಲೆ ಸೋಮವಾರ ಸಂಜೆಯವರೆಗೆ ಅಲ್ಲಿ ಆಫೀಸೇ ಇರುವುದಿಲ್ಲ, ಆ ಎರಡು ದಿನ ನಿನ್ನವು. ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗು. ಅಲಾರಂಗೆ ಸಾದಾ ಗಡಿಯಾರ ಸಾಕು. ಬೆಳಿಗ್ಗೆ ನೋಡುವಾಗ ಸ್ಪ್ಯಾಮ್ ಫೋಲ್ಡರನ್ನೂ ನೋಡು, ಅರ್ಜಿ ಹಾಕಿದ ಪೋರ್ಟಲ್‌ಗೂ ಒಮ್ಮೆ ಲಾಗಿನ್ ಆಗು. ಕೆಲವರು ಪತ್ರವನ್ನು ಪೋರ್ಟಲ್‌ನಲ್ಲಿ ಮಾತ್ರ ಹಾಕುತ್ತಾರೆ.

ಈಗ ಆ ಮೌನದ ವಿಷಯಕ್ಕೆ ಬರುತ್ತೇನೆ. ಉತ್ತರ ಬಾರದ ಪ್ರತಿ ದಿನವನ್ನೂ ನೀನು ನಿನ್ನ ಮೇಲಿನ ತೀರ್ಪು ಅಂತ ಓದುತ್ತಿದ್ದೀಯ. ಅದು ಹಾಗಲ್ಲ ಅನ್ನೋದನ್ನು ಮೇಜಿನ ಆ ಕಡೆ ಕೂತು ನೋಡಿದವಳು ನಾನು. ಇಲ್ಲೇ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ಆಯ್ಕೆ ಸಮಿತಿಯಲ್ಲಿ ಹಲವು ವರ್ಷ ಇದ್ದೆ. ಒಂದು ವರ್ಷ ಒಬ್ಬ ಹುಡುಗಿಯ ಫೈಲು ಬಂತು. ಪ್ರೋಟೀನ್ ಶುದ್ಧ ಮಾಡುವಾಗ ಎಲ್ಲಿ ಕೈ ತಪ್ಪಿತು, ಆಮೇಲೆ ಹೇಗೆ ಸರಿ ಮಾಡಿದಳು ಅಂತ ಅವಳು ಬರೆದ ಒಂದು ಪುಟವನ್ನು ಎಲ್ಲರೂ ಓದಿ ಮೆಚ್ಚಿದರು. ಆದರೆ ಆ ವಿಷಯದ ಪ್ರೊಫೆಸರ್ ಹೇಳಿದರು, ‘ನನ್ನ ಸಂಶೋಧನೆಯ ಗ್ರಾಂಟ್ ಹಣ ಮುಂದಿನ ವರ್ಷ ಮುಗಿಯುತ್ತೆ, ಹೊಸಬರನ್ನು ತಗೊಳ್ಳೋಕೆ ಆಗಲ್ಲ.’ ಬೇರೆ ಯಾರ ಲ್ಯಾಬಿಗೂ ಆ ಕೆಲಸ ಹೊಂದಲಿಲ್ಲ. ಫೈಲು ಆಯ್ಕೆಯಾಗದವರ ಕಂತೆಗೆ ಹೋಯಿತು. ಅವಳಿಗೆ ಹೋದ ಪತ್ರದಲ್ಲಿ ಇದ್ಯಾವುದೂ ಇರಲಿಲ್ಲ, ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಅಷ್ಟೇ. ಅದನ್ನು ಓದಿ ಅವಳು ಏನಂದುಕೊಂಡಳೋ ಅಂತ ನನಗೆ ಈಗಲೂ ಬೇಜಾರಾಗುತ್ತದೆ.

ಅಮೆರಿಕದಲ್ಲೂ ಲೆಕ್ಕ ಇದೇ. ಅಲ್ಲಿ ವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಶುಲ್ಕವನ್ನೂ ಖರ್ಚಿಗೆ ಕೊಡುವ ಸ್ಟೈಪೆಂಡನ್ನೂ ವಿಭಾಗ ಅಥವಾ ಪ್ರೊಫೆಸರರ ಗ್ರಾಂಟು ಕೊಡಬೇಕು. ಹಣ ಎಷ್ಟಿದೆಯೋ ಅಷ್ಟೇ ಸೀಟು. 2025ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿದಾಗ ನಿನ್ನಂಥವರು ಅರ್ಜಿ ಹಾಕುವ ಬಯೋಮೆಡಿಕಲ್ ವಿಭಾಗಗಳಲ್ಲೇ ಕೆಲವು ಸೀಟು ಕಡಿಮೆ ಮಾಡಿದವು. ಕೊಟ್ಟ ಆಫರನ್ನೇ ವಾಪಸ್ ಪಡೆದವರೂ ಇದ್ದರು.

ಏಪ್ರಿಲ್ 15 ಅನ್ನೋ ತಾರೀಕು ನಿನಗೆ ಗೊತ್ತಿರಬಹುದು. ಅಪ್ಪನಿಗೂ ಹೇಳು. ಅಲ್ಲಿನ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಮಾಡಿದ ಒಪ್ಪಂದಕ್ಕೆ ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಅದರ ಪ್ರಕಾರ ಧನಸಹಾಯದ ಆಫರ್ ಸಿಕ್ಕವರು ಆ ದಿನದವರೆಗೆ ಉತ್ತರ ಕೊಡದೆ ಇರಬಹುದು. ಐದು ಆಫರ್ ಹಿಡಿದುಕೊಂಡವರು ನಾಲ್ಕನ್ನು ಬಿಡುವುದು ಎಷ್ಟೋ ಸಲ ಕೊನೆಯ ವಾರದಲ್ಲಿ. ಬಿಟ್ಟ ಮೇಲೇ ವೇಟಿಂಗ್ ಲಿಸ್ಟ್ ಸರಿಯುತ್ತದೆ. ಇಂಟರ್‌ವ್ಯೂ ಮಾಡಿ ಸುಮ್ಮನಾದ ಆ ವಿಶ್ವವಿದ್ಯಾಲಯ ಬೇರೆ ಯಾರದೋ ನಿರ್ಧಾರಕ್ಕೆ ಕಾಯುತ್ತಿರಬಹುದು. ನಿನ್ನ ಗೆಳತಿ ಇನ್ನೂ ಎರಡು ಆಫರ್ ಇಟ್ಟುಕೊಂಡಿದ್ದರೆ, ಬೇಡದ್ದನ್ನು ಬೇಗ ಬಿಡು ಅಂತ ಅವಳಿಗೂ ಹೇಳು. ಯಾರಿಗೋ ಉಪಕಾರ ಆಗುತ್ತದೆ.

ಮಾರ್ಚ್ ಮಧ್ಯ ದಾಟಿದ ಮೇಲೆ ನೀನೇ ಕೇಳಬಹುದು. ಅದು ಮರ್ಯಾದೆಗೆಟ್ಟ ಕೆಲಸ ಅಂತ ನಮ್ಮ ಮಕ್ಕಳು ಅಂಜುತ್ತಾರೆ, ಅಂಜಬೇಕಿಲ್ಲ. ಪ್ರೊಫೆಸರ್‌ಗೆ ಬರೆಯಬೇಡ, ವಿಭಾಗದಲ್ಲಿ ಪ್ರವೇಶದ ಕೆಲಸ ನೋಡುವ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಬರೆ. ನನ್ನ ಹೆಸರು ಇದು, ಅರ್ಜಿ ಸಂಖ್ಯೆ ಇದು, ಇಂಥ ದಿನ ಇಂಟರ್‌ವ್ಯೂ ಆಯಿತು, ನನಗೆ ನಿಮ್ಮಲ್ಲಿ ಸೇರುವ ಆಸೆ ಹಾಗೇ ಇದೆ, ನಿರ್ಧಾರ ಯಾವಾಗ ತಿಳಿಯಬಹುದು? ಇಷ್ಟೇ. ಒಂದೇ ಸಲ. ಫೆಲೋಶಿಪ್‌ನವರು ಫಲಿತಾಂಶದ ತಿಂಗಳು ಹೇಳಿದ್ದರೆ ಅದು ದಾಟುವವರೆಗೆ ಕೇಳಬೇಡ.

ಅಪ್ಪ ದಿನಾ ಕೇಳುವುದು ಅವರಿಗೂ ತಡೆಯಲಾಗದೆ. ಅವರ ಕೈಯಲ್ಲಿ ಪೋರ್ಟಲ್ ಇಲ್ಲ, ನೀನೊಬ್ಬಳೇ ಇದ್ದೀಯ. ಈ ಭಾನುವಾರ ಊಟ ಆದ ಮೇಲೆ ಎಂಟು ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು, ಮುಂದೆ ಏನಾಗಿದೆ ಅಂತ ಗುರುತು ಹಾಕಿ ಕೊಡು. ‘ಅಪ್ಪಾ, ಏಪ್ರಿಲ್ 15ರವರೆಗೆ ಪ್ರತಿ ಭಾನುವಾರ ನಾನೇ ಹೇಳ್ತೀನಿ. ನಡುವೆ ಒಳ್ಳೇ ಸುದ್ದಿ ಬಂದ್ರೆ ಮೊದಲ ಫೋನ್ ನಿಮಗೇ’ ಅನ್ನು. ಎಫ್.ಡಿ. ಮುರಿಸಿದ ಅಪ್ಪನಿಗೆ ವಿವರ ತಿಳಿಯುವ ಹಕ್ಕಿದೆ. ಮದುವೆ ಮನೆಯಲ್ಲಿ ಕೇಳುವವರಿಗೆ ‘ಇನ್ನೂ ಟೈಮಿದೆ’ ಅಂದರೆ ಸಾಕು.

ಇಲ್ಲಿನ ದಾರಿಯನ್ನೂ ಬಿಡಬೇಡ. ಗೇಟ್ ಪರೀಕ್ಷೆ ಬರೆದಿದ್ದರೆ ಫಲಿತಾಂಶ ಮಾರ್ಚ್‌ನಲ್ಲಿ ಬರುತ್ತದೆ, ಅಂಕ ಮೂರು ವರ್ಷ ನಡೆಯುತ್ತದೆ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಅರ್ಜಿಯ ಕೊನೆ ದಿನವನ್ನು ಇವತ್ತೇ ಅವರ ವೆಬ್‌ಸೈಟ್‌ನಲ್ಲಿ ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಮಾಡು. ಇದನ್ನು ಎರಡನೇ ದರ್ಜೆಯ ಆಯ್ಕೆ ಅಂತ ಹೇಳುವವರ ಮಾತು ಕೇಳಬೇಡ. ಇಲ್ಲೇ ಪಿಎಚ್.ಡಿ. ಮಾಡಿ ಮುಂದಿನ ಸಂಶೋಧನೆಗೆ, ಅಂದರೆ ಪೋಸ್ಟ್‌ಡಾಕ್‌ಗೆ ಹೊರಗೆ ಹೋದ ಎಷ್ಟೋ ಮಕ್ಕಳನ್ನು ಬಲ್ಲೆ.

ಎರಡು ವಾರ ಆದರೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಸುಮ್ನೆ ಅಳು ಬರುತ್ತಿದ್ದರೆ ಡಾಕ್ಟರ ಹತ್ತಿರ ಹೋಗು. ತಡರಾತ್ರಿ ಮಾತಾಡಲು ಯಾರೂ ಇಲ್ಲ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, ಸಂಖ್ಯೆ 14416. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಫರ್ ಬಂದರೆ ಖುಷಿಯಲ್ಲಿ ಅವತ್ತೇ ಒಪ್ಪಿಕೊಂಡು ಬಿಡಬೇಡ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಎಷ್ಟು ವರ್ಷದ ಭರವಸೆ, ಆರೋಗ್ಯ ವಿಮೆ ಅದರಲ್ಲೇ ಸೇರಿದೆಯಾ ಅಂತ ಓದು. ಅರ್ಥವಾಗದಿದ್ದರೆ ಪತ್ರವನ್ನು ನನಗೆ ಕಳಿಸು, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.