ಕುಣಿತದ ಜೊತೆ ಕಾಡನ್ನೂ ಬರೆಯಿರಿ

ನಮಸ್ಕಾರ.

ಕರ್ನಾಟಕದ ಬುಡಕಟ್ಟುಗಳ ಸಂಸ್ಕೃತಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ ಅಂತ ಹೇಳೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೋಲಿಗರು, ಜೇನುಕುರುಬರು, ಕೊರಗರು, ಸಿದ್ದಿಗಳು, ಮಲೆಕುಡಿಯರು ಎಲ್ಲರೂ ನಿಮ್ಮಲ್ಲಿದ್ದಾರೆ, ತಲೆಗೊಂದು ಪ್ಯಾರಾ. ಉಡುಗೆ, ಊಟ, ಕುಣಿತ, ಮದುವೆ, ಅಲ್ಲಿಗೆ ಮುಗೀತು. ಹೆಸರು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಸೋಲಿಗರು 'ಪ್ರಕೃತಿ ಆರಾಧಕರು' ಅಂತ ಬರೆದಿದ್ದೀರಿ. ಏನನ್ನು ಪೂಜಿಸುತ್ತಾರೆ, ಎಲ್ಲಿ? ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಒಂದೊಂದು ಕುಲಕ್ಕೂ ತನ್ನದೇ ಎಲ್ಲೆ ಇದೆ. ಅದರೊಳಗೆ ದೇವರು, ಮಾರಮ್ಮ, ವೀರು (ದೆವ್ವ), ಅಬ್ಬಿ (ತೊರೆ), ಕಲ್ಲುಗುಡಿ (ಸಮಾಧಿ ಕಲ್ಲು) ಅಂತ ಗುರುತಿನ ಜಾಗಗಳಿವೆ. ಭಾರ್ಗವಿ ಹೊಳೆಯ ಹತ್ತಿರದ ದೊಡ್ಡ ಸಂಪಿಗೆ ಮರವೇ ಅವರಿಗೆ ದೇವರು. 1974ರಲ್ಲಿ ಈ ಕಾಡು ಅಭಯಾರಣ್ಯ ಆಯ್ತು. ಒಳಗಿದ್ದ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಅಂಚಿಗೆ ತಂದರು, ದೇವರುಗಳು ಒಳಗೇ ಉಳಿದವು. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ತರಗುಬೆಂಕಿಯೂ ಇಲ್ಲ. ಬೇಸಿಗೆಯ ಬಿಸಿಲು ಏರುವ ಮೊದಲೇ ಒಣಗಿದ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುವುದು ಸೋಲಿಗರ ಹಳೆಯ ರೂಢಿ. ಕಾನೂನು ಅದನ್ನು ನಿಲ್ಲಿಸಿತು. ಆಮೇಲೇ ಲಂಟಾನ ಅನ್ನೋ ಹೊರಗಿನ ಕಳೆಪೊದೆ ಕಾಡನ್ನೆಲ್ಲ ನುಂಗಿತು ಅಂತ ಅವರು ಹೇಳುತ್ತಾರೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಮುದಾಯದ ಹಕ್ಕೂ ಸಿಕ್ಕಿತು. ಸಂಪ್ರದಾಯ ಅಂದರೆ ಇದೂ ಸೇರುತ್ತೆ, ಅಲ್ವಾ?

ಕೊರಗರ ಪ್ಯಾರಾ ಓದಿ ನನಗೆ ನಿಜಕ್ಕೂ ಬೇಸರವಾಯಿತು. 'ಖುಷಿಯಾದಾಗ ಡೋಲು ಬಾರಿಸುತ್ತಾರೆ' ಅಂತಿದೆ. ಅದೇ ಡೋಲನ್ನು ಕಂಬಳದ ಹಿಂದಿನ ರಾತ್ರಿ ಬಾರಿಸುವಂತೆ ಅವರನ್ನು ಬಲವಂತ ಮಾಡುತ್ತಿದ್ದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಇದನ್ನು ಬಿಟ್ಟು ಡೋಲಿನ ಬಗ್ಗೆ ಮಾತ್ರ ಬರೆಯುವುದು ಅವರಿಗೆ ಮಾಡುವ ಅನ್ಯಾಯ. ಖುಷಿಯೂ ಇದೆ, ಅದನ್ನೂ ಬರೆಯಿರಿ. ಆದರೆ ಯಾರಿಗಾಗಿ ಬಾರಿಸಿದರು ಅಂತ ಕೇಳಿ ಬರೆಯಿರಿ. 'ಮುಗ್ಧ ಜನ' ಅಂತ ಏಳೆಂಟು ಕಡೆ ಬರೆದಿದ್ದೀರಿ, ಎಲ್ಲವನ್ನೂ ತೆಗೆಯಿರಿ.

ಇಷ್ಟೆಲ್ಲದರ ನಡುವೆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಹೆಜ್ಜೇನು ಕೀಳಲು ಮರ ಹತ್ತಿದ ಸೋಲಿಗ ಅಜ್ಜ, ಹುಟ್ಟಿನ ಒಂದು ಭಾಗವನ್ನು ಹಾಗೇ ಬಿಟ್ಟು ಇಳಿದರು ಅಂತ. ಇದು ನೀವೇ ಕಣ್ಣಾರೆ ಕಂಡದ್ದು, ಓದುವಾಗಲೇ ಗೊತ್ತಾಗುತ್ತೆ. ಅಲ್ಲಿಂದಲೇ ಶುರು ಮಾಡಿ. ಯಾಕೆ ಬಿಟ್ಟರು? ಮರ ಯಾವುದು? ಹತ್ತುವ ಮೊದಲು ಏನು ಹಾಡಿದರು? ಜೇನನ್ನು ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಟ್ಟರಾ, ಕೆಜಿಗೆ ಎಷ್ಟು ಸಿಕ್ಕಿತು? ಅವರ ಮೊಮ್ಮಗ ಹತ್ತುತ್ತಾನಾ? ಸುಮ್ನೆ ಊಹಿಸಿ ಬರೆಯಬೇಡಿ, ಇನ್ನೊಮ್ಮೆ ಹೋಗಿ ಕೇಳಿ.

ಉಳಿದ ಸಮುದಾಯಗಳನ್ನು ಸದ್ಯ ಪಕ್ಕಕ್ಕಿಡಿ. ಸೋಲಿಗರ ಬಗ್ಗೆ ಮಾತ್ರ ಒಂದೂವರೆ ಸಾವಿರ ಪದ ಬರೆದು ಕಳಿಸಿ. ಅಜ್ಜನ ಹೆಸರು, ಫೋಟೋ ಹಾಕಬಹುದಾ ಅಂತ ಮೊದಲು ಅವರನ್ನೇ ಕೇಳಿ. ಬೇಡ ಅಂದರೆ ಬೇಡ. ಲೇಖನ ಬಂದ ಕೂಡಲೇ ಓದುತ್ತೇನೆ.